ಯಾರೂ ಕೈ ಚಾಚದ ಬಾವುಟ

ಸೈನ್ಯದ ಜೀಪು ನಮ್ಮ ಬೀದಿಗೆ ಬಂದಾಗ ಇಸ್ತ್ರಿ ಅಕ್ಕ ಅಂಗಡಿಯ ಹೊರಗೆ ನಿಂತು ಯಾರದೋ ಮನೆಯ ಹೊದಿಕೆಗೆ ನೀರು ಚಿಮುಕಿಸುತ್ತಿದ್ದಳು. ಶಾಲೆಯ ಮಕ್ಕಳು ಇನ್ನೂ ಬೂಟು ಹುಡುಕುತ್ತಿದ್ದ ಬೆಳಗಿನ ಹೊತ್ತು. ಜೀಪು ಮನೆ ಮನೆಯ ನಂಬರು ಓದಿಕೊಳ್ಳುತ್ತ ಆಮೆಯ ಹಾಗೆ ಬಂತು. ಔಷಧಿ ಅಂಗಡಿ ದಾಟಿತು, ದರ್ಜಿಯ ಮನೆ ದಾಟಿತು, ಕಡೆಗೆ ಅವಳ ಎದುರಿಗೇ ನಿಂತಿತು.

ಅಂಥ ಜೀಪು ಸಿಹಿಸುದ್ದಿ ತರುವುದಿಲ್ಲವೆಂದು ಬೀದಿಗೆಲ್ಲ ಗೊತ್ತಿತ್ತು. ಕಡಲಾಚೆ ನಡೆಯುತ್ತಿದ್ದ ಯುದ್ಧಕ್ಕೆ ನಮ್ಮ ಬೀದಿಯಿಂದ ಹೋದವರು ಇಬ್ಬರೇ. ಒಬ್ಬ ಇಸ್ತ್ರಿ ಅಕ್ಕನ ಮಗ, ಇನ್ನೊಬ್ಬ ಎದುರುಗಡೆ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಸೈಕಲ್ ಮಾವನ ಮಗ. ಅಕ್ಕನ ಮಗ ಚಿಕ್ಕವನಿದ್ದಾಗ ಕತ್ತಲೆಗೆ, ನಾಯಿಗೆ, ಗಡ್ಡ ಬಿಟ್ಟವರಿಗೆ, ಎಲ್ಲದಕ್ಕೂ ಹೆದರುತ್ತಿದ್ದ. ಹಾಗಾಗಿ ಅವನಿಗೆ ಗುಮ್ಮ ಎಂದೇ ಹೆಸರು ಬಿತ್ತು. ಮಾವನ ಮಗ ಯಾವಾಗಲೂ ಶಿಳ್ಳೆ ಹಾಕಿಕೊಂಡೇ ತಿರುಗುವವನು, ಅವನು ಸೀಟಿ. ಸೀಟಿ ಮುಂದೆ, ಗುಮ್ಮ ಅವನ ಅಂಗಿ ಹಿಡಿದುಕೊಂಡು ಹಿಂದೆ. ಸೈನ್ಯಕ್ಕೆ ಸೇರಿದ್ದೂ ಹಾಗೆಯೇ.

ಜೀಪಿನಿಂದ ಇಬ್ಬರು ಇಳಿದರು. ಒಬ್ಬ ತಲೆ ನರೆತ ಅಧಿಕಾರಿ, ಇನ್ನೊಬ್ಬ ಮೀಸೆ ಈಗಷ್ಟೇ ಬಲಿಯುತ್ತಿದ್ದ ಕಿರಿಯ ಅಧಿಕಾರಿ. ಇಬ್ಬರೂ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಅಕ್ಕನ ಕೈಯಲ್ಲಿದ್ದ ನೀರಿನ ಚೊಂಬು ವಾಲಿ, ನೀರೆಲ್ಲ ಅವಳ ಪಾದದ ಮೇಲೆ ಸುರಿಯಿತು. ಅವಳಿಗೆ ಅದರ ಅರಿವೇ ಇರಲಿಲ್ಲ.

"ಅಮ್ಮ, ಸೈಕಲ್ ಅಂಗಡಿಯವರ ಮನೆ ಯಾವುದು?" ಎಂದು ಕೇಳಿದ ಕಿರಿಯವನು.

ಅವಳು ಕೈ ಎತ್ತಿ ಎದುರುಗಡೆ ತೋರಿಸಿದಳು. ಉಸಿರು ಬಂತು. ದೇವರೇ, ನನ್ನದಲ್ಲ, ಎಂದಿತು ಮನಸ್ಸು. ಮರುಕ್ಷಣವೇ ಆ ಮನಸ್ಸಿನ ಬಗ್ಗೆಯೇ ಅವಳಿಗೆ ಹೆದರಿಕೆಯಾಯಿತು. ಸೀಟಿಯ ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಆ ಹುಡುಗ ಬೆಳೆದದ್ದು ಅಕ್ಕನ ಇಸ್ತ್ರಿ ಮೇಜಿನ ಕೆಳಗೆ, ಬಟ್ಟೆ ಗಂಟುಗಳ ನಡುವೆ, ಗುಮ್ಮನ ಜೊತೆ. "ಯಾವ ಕೈಯಲ್ಲಿ ಅವನಿಗೆ ತುತ್ತು ತಿನ್ನಿಸಿದ್ದೆನೋ ಅದೇ ಕೈಯಲ್ಲಿ ಆ ಮನೆ ತೋರಿಸಿದೆ," ಎಂದು ಅವಳು ಎಷ್ಟೋ ಕಾಲದ ಮೇಲೆ ನನ್ನ ತಾಯಿಯ ಹತ್ತಿರ ಹೇಳಿಕೊಂಡು ಅತ್ತಿದ್ದಳು.

ಸೈಕಲ್ ಮಾವ ಆ ಹೊತ್ತಿಗೆ ಒಂದು ಚಕ್ರದ ಡೊಂಕು ತೆಗೆಯುತ್ತಿದ್ದ. ಅಧಿಕಾರಿಗಳು ಹೇಳಬೇಕಾದ್ದನ್ನು ಹೇಳಿದರು. ಮಾವ ಚಕ್ರವನ್ನು ತಿರುಗಿಸುತ್ತಲೇ ಕೇಳಿಸಿಕೊಂಡ. ಕಡೆಗೆ, "ಮುಖ ನೋಡಿದ್ದೀರಾ?" ಎಂದ.

ನರೆತಲೆಯವರು, "ಕೊರಳಲ್ಲಿದ್ದ ಹೆಸರಿನ ಬಿಲ್ಲೆ ಅವರದೇ. ಗುರುತು ಹಿಡಿದಾಗಿದೆ," ಎಂದರು.

"ಬಿಲ್ಲೆ ಬಿಡಿ ಸ್ವಾಮಿ. ಮುಖ ನೋಡಿದ್ದೀರಾ ಅಂತ ಕೇಳ್ದೆ."

ಕಿರಿಯವನು ತನ್ನ ಬೂಟನ್ನೇ ನೋಡುತ್ತ ನಿಂತ. ಮಾವ ತಲೆಯಾಡಿಸಿ, ಮತ್ತೆ ಚಕ್ರದ ಕಡ್ಡಿಗಳನ್ನು ಬಿಗಿ ಮಾಡಲು ಶುರುಮಾಡಿದ.

ಅಲ್ಲಿಂದ ಹುಟ್ಟಿತು ಅನುಮಾನ. ಬೀದಿಯವರು ಸಮಾಧಾನ ಹೇಳಲು ಹೋದರೆ ಮಾವ ಅಳುತ್ತಿರಲಿಲ್ಲ. ಒಂದೊಂದಾಗಿ ಲೆಕ್ಕ ಒಪ್ಪಿಸುವವನ ಹಾಗೆ ಮಾತಾಡುತ್ತಿದ್ದ. ಶವದ ಪೆಟ್ಟಿಗೆಗೆ ಮೊಹರು ಹಾಕಿದ್ದಾರಂತೆ, ತೆಗೆಯೋ ಹಾಗಿಲ್ಲವಂತೆ. ಯಾಕೆ ತೆಗೆಯೋ ಹಾಗಿಲ್ಲ? ಮುಖ ನೋಡದೆ ಹೆಸರು ಹೇಳೋದು ಎಲ್ಲಿಯ ನ್ಯಾಯ? ಸಂಜೆಯ ಹೊತ್ತಿಗೆ ಅವನು ರಸ್ತೆ ದಾಟಿ ಇಸ್ತ್ರಿ ಅಂಗಡಿಗೆ ಬಂದ. ಸತ್ತ ಸುದ್ದಿ ಬಂದ ಮನೆಯವನ ಹಾಗೆ ಇರಲಿಲ್ಲ ಅವನ ಮುಖ. ಕಣ್ಣಲ್ಲಿ ಹೊಳಪಿತ್ತು.

"ತಂಗೀ, ನಿನಗೆ ನೆನಪಿಲ್ವಾ?" ಎಂದ. "ಇವರಿಬ್ಬರೂ ಚಿಕ್ಕಂದಿನಿಂದ ಬಟ್ಟೆ ಅದಲುಬದಲು ಮಾಡ್ಕೊಂಡೇ ಹಾಕ್ತಿದ್ರು. ಯಾರ ಅಂಗಿ ಯಾರದು ಅಂತ ನೀನೇ ತಲೆ ಕೆರ್ಕೊಳ್ತಿದ್ದೆ. ಅಲ್ಲೂ ಹಾಗೇ ಆಗಿರುತ್ತೆ. ಸ್ನಾನಕ್ಕೆ ಹೋಗೋವಾಗ ಬಿಲ್ಲೆ ತೆಗೆದಿಟ್ಟಿರ್ತಾರೆ. ಆಮೇಲೆ ಇವನದ್ದು ಅವನು, ಅವನದ್ದು ಇವನು..."

ಹೇಳುತ್ತ ಹೇಳುತ್ತ ತನ್ನ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತಿದೆ ಎಂದು ಅವನಿಗೆ ಹೊಳೆಯಿತು. ಅಕ್ಕ ಕಾದ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡಳು.

"ಹೋಗಿ ಅಣ್ಣ, ಸ್ವಲ್ಪ ಮಲ್ಕೊಳ್ಳಿ," ಎಂದಳು.

ಮುಳುಗುವವನಿಗೆ ಹುಲ್ಲುಕಡ್ಡಿಯ ಆಸರೆ ಅನ್ನುತ್ತಾರೆ. ಮಾವನಿಗೆ ಸಿಕ್ಕ ಆ ಹುಲ್ಲುಕಡ್ಡಿಯ ಇನ್ನೊಂದು ತುದಿ ಅಕ್ಕನ ಕೊರಳಿಗೆ ಸುತ್ತಿಕೊಂಡಿತ್ತು. ಅವಳು ಗುಮ್ಮನಿಗೆ ಫೋನು ಮಾಡಿದಳು. ಹೋಗಲಿಲ್ಲ. ಮತ್ತೆ ಮಾಡಿದಳು. ಅಂಥ ಘಟನೆ ನಡೆದರೆ ಆ ತುಕಡಿಯವರ ಫೋನುಗಳನ್ನೆಲ್ಲ ಕೆಲವು ಕಾಲ ನಿಲ್ಲಿಸಿಬಿಡುತ್ತಾರೆ ಎಂದು ಔಷಧಿ ಅಂಗಡಿಯವನು ಹೇಳಿದ. ಅವನಿಗೆ ಹೇಗೆ ಗೊತ್ತೋ ಏನೋ. ನಮ್ಮ ಬೀದಿಯಲ್ಲಿ ಅವನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಅಕ್ಕ ಅವನ ಮಾತನ್ನು ಜಪದ ಹಾಗೆ ಹಿಡಿದುಕೊಂಡಳು.

ಪೆಟ್ಟಿಗೆ ಬಂದದ್ದು ಮೋಡ ಕವಿದ ಒಂದು ಬೆಳಗ್ಗೆ. ಊರ ಹೊರಗಿನ ವಿಮಾನ ನಿಲ್ದಾಣದಿಂದ ತೆರೆದ ಲಾರಿಯಲ್ಲಿ ತಂದರು. ದಾರಿಯಲ್ಲಿ ಮಳೆ ಹೊಡೆದು, ಪೆಟ್ಟಿಗೆಯ ಮೇಲೆ ಹೊದಿಸಿದ್ದ ಬಾವುಟ ನೆನೆದು ಮುದ್ದೆಯಾಗಿತ್ತು. ಪುರಸಭೆಯ ಸಭಾಂಗಣದಲ್ಲಿ ಪೆಟ್ಟಿಗೆ ಇಟ್ಟು ಜನರಿಗೆ ನೋಡಲು ಬಿಡುವ ಮೊದಲು ಅದನ್ನು ಸರಿಮಾಡಬೇಕಿತ್ತು. ಹೀಗಾಗಿ ಆ ಕಿರಿಯ ಅಧಿಕಾರಿ ಬಾವುಟವನ್ನು ಎದೆಗೆ ಒತ್ತಿಕೊಂಡು, ಓಡುತ್ತ, ನಮ್ಮ ಬೀದಿಗೆ ಬಂದ. ಹತ್ತಿರದಲ್ಲಿದ್ದದ್ದು ಇದೊಂದೇ ಇಸ್ತ್ರಿ ಅಂಗಡಿ.

"ಅಮ್ಮ, ಬೇಗ ಒಣಗಿಸಿ ಕೊಡ್ತೀರಾ? ಸುಕ್ಕು ಇರಬಾರದು."

ಅಕ್ಕ ಬೇಡ ಎನ್ನಲಾರದೆ ತೆಗೆದುಕೊಂಡಳು. ಒದ್ದೆ ಬಟ್ಟೆಯನ್ನು ಮೇಜಿನ ಮೇಲೆ ಹರಡಿದಾಗ ಅದು ಮೇಜನ್ನೆಲ್ಲ ಮುಚ್ಚಿ ಕೆಳಗೆ ಇಳಿಬಿತ್ತು. ಅದರಲ್ಲಿ ಲಾರಿಯ ಎಣ್ಣೆಯ ವಾಸನೆ, ಮಳೆಯ ವಾಸನೆ. ಬೇರೆ ಯಾವುದಾದರೂ ವಾಸನೆ ಇದೆಯೇ ಎಂದು ಅವಳ ಮೂಗು ತಾನಾಗಿಯೇ ಹುಡುಕಿತು. ಮಗನ ಅಂಗಿಯ ಬೆವರನ್ನು ಅವಳು ನೂರು ಅಂಗಿಗಳ ನಡುವೆ ಪತ್ತೆ ಮಾಡಬಲ್ಲಳು. ಏನೂ ಸಿಗಲಿಲ್ಲ. ಬಾವುಟದ ಮೇಲೆ ತೆಳುವಾದ ಹತ್ತಿ ಬಟ್ಟೆ ಹಾಸಿ, ಇಸ್ತ್ರಿ ಎಳೆಯತೊಡಗಿದಳು. ಹಬೆ ಎದ್ದು ಅವಳ ಮುಖವೆಲ್ಲ ಒದ್ದೆಯಾಯಿತು.

"ಸಾರ್," ಎಂದಳು, ತಲೆ ಎತ್ತದೆ. "ಒಂದು ಮಾತು ಕೇಳ್ಲಾ?"

"ಕೇಳಿ ಅಮ್ಮ."

"ಒಳಗಿರೋದು ಯಾರು ಅಂತ ನಿಮಗೆ ಖಾತ್ರಿ ಗೊತ್ತಾ?"

"ನನಗೆ ಹೇಳಿದ್ದು ಮಾತ್ರ ಗೊತ್ತಮ್ಮ. ನಾನು ಅಲ್ಲಿಗೆ ಹೋದವನಲ್ಲ," ಎಂದ. ಆಮೇಲೆ ದನಿ ತಗ್ಗಿಸಿ, "ನನ್ನ ಸರದಿ ಮುಂದಿನ ತಿಂಗಳು," ಎಂದ.

ಅವಳು ಆಗ ತಲೆ ಎತ್ತಿ ಅವನನ್ನು ನೋಡಿದಳು. ಅವನಿಗೂ ಹೆದರಿಕೆಯಾಗಿತ್ತು. ಅಕ್ಕ ಬಾವುಟವನ್ನು ಮಡಿಸಿ, ಬಿಸಿ ಆರುವವರೆಗೆ ಅಂಗೈಯಲ್ಲಿ ತಟ್ಟಿ, ಅವನ ಕೈಗಿಟ್ಟಳು.

ಮಧ್ಯಾಹ್ನ ಊರಿಗೆ ಊರೇ ಸೇರಿತ್ತು. ಅಂಗಡಿಗಳು ಬಾಗಿಲು ಹಾಕಿದ್ದವು. ಯಾವತ್ತೂ ಸೀಟಿಯ ಹೆಸರು ಕೇಳಿರದವರೂ ಎದೆಗೆ ಅವನ ಚಿತ್ರ ಸಿಕ್ಕಿಸಿಕೊಂಡು ಬಂದಿದ್ದರು. ಸೈನಿಕರು ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು, ಒಂದೇ ಸಮನೆ ಹೆಜ್ಜೆ ಹಾಕುತ್ತ ಬೀದಿಯ ನಡುವೆ ನಡೆದರು. ಬೂಟಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮಾವ ಹಿಂದೆ ನಡೆದ, ಕೈ ಕಟ್ಟಿಕೊಂಡು, ಪಕ್ಕದ ಮನೆಯವರ ಸಾವಿಗೆ ಬಂದವನ ಹಾಗೆ. ಅವನ ಹಿಂದೆ ಅಕ್ಕ. ಹೊತ್ತವರ ಹೆಗಲು ಎಷ್ಟು ಬಾಗಿದೆ ಎಂದು ಅವಳು ನೋಡುತ್ತಿದ್ದಳು. ಗುಮ್ಮ ಸ್ವಲ್ಪ ತೂಕದವನು, ಸೀಟಿ ಕಡ್ಡಿ. ಆದರೆ ಅಂಥ ಮರದ ಪೆಟ್ಟಿಗೆಯೊಳಗೆ ಯಾರ ತೂಕ ಯಾರಿಗೆ ತಿಳಿಯುತ್ತದೆ?

ಸ್ಮಶಾನದಲ್ಲಿ ಗುಂಡಿ ತೋಡಿ, ಅಂಚಿಗೆ ಹಲಗೆ ಹಾಕಿದ್ದರು. ಸಾಲಾಗಿ ನಿಂತ ಸೈನಿಕರು ಬಂದೂಕನ್ನು ಆಕಾಶಕ್ಕೆ ಎತ್ತಿದರು. ಮೊದಲ ಸಲ ಹಾರಿಸಿದಾಗ ಮರದಲ್ಲಿದ್ದ ಕಾಗೆಗಳೆಲ್ಲ ಎದ್ದವು. ಮುಂದಿನ ಸಲ ಅಕ್ಕ ಕಿವಿ ಮುಚ್ಚಿಕೊಂಡಳು. ಆದರೂ ಸದ್ದು ನೆಲದಿಂದ ಕಾಲಿನ ಮೂಲಕ ಏರಿ ಬಂತು. ಇಂಥ ಸದ್ದಿನ ನಡುವೆ ನನ್ನ ಮಗ ನಿದ್ದೆ ಮಾಡುತ್ತಾನೆಯೇ, ಅಥವಾ ಅವನು ಕೇಳಿದ ಕಡೆಯ ಸದ್ದು ಇಂಥದ್ದೇ ಆಗಿತ್ತೇ ಎಂದು ಅವಳಿಗೆ ಅನ್ನಿಸಿತು. ತುತ್ತೂರಿ ಊದುವವನು ಊದಿ ಮುಗಿಸಿದ. ಸೈನಿಕರು ಪೆಟ್ಟಿಗೆಯ ಮೇಲಿನ ಬಾವುಟ ತೆಗೆದು, ಮೂಲೆಗೆ ಮೂಲೆ ಸೇರಿಸಿ ಮಡಿಸಿದರು. ನರೆತಲೆಯ ಅಧಿಕಾರಿ ಅದನ್ನು ಎರಡು ಕೈಯಲ್ಲಿ ಹಿಡಿದು ಮಾವನ ಮುಂದೆ ನಿಂತರು.

ಮಾವ ಕೈ ಚಾಚಲಿಲ್ಲ.

"ತಗೊಳ್ಳಿ, ಯಜಮಾನ್ರೇ," ಎಂದರು ಅವರು ಮೆಲ್ಲಗೆ.

"ನನ್ನ ಮಗ ಬದುಕಿದ್ದಾನೆ. ನಾನು ಯಾಕೆ ತಗೊಳ್ಳಲಿ?"

ಜನ ಗುಸುಗುಸು ಅಂದರು. ಅಧಿಕಾರಿಯ ಕೈ ಚಾಚಿದಂತೆಯೇ ಇತ್ತು. ಮಾವ ಹಿಂದೆ ತಿರುಗಿದ. ಯಾರನ್ನು ನೋಡಬೇಕೆಂದು ತಿರುಗಿದನೋ ಗೊತ್ತಿಲ್ಲ, ಅವನ ಕಣ್ಣು ಮಾತ್ರ ಅಕ್ಕನ ಮೇಲೆ ಬಿತ್ತು. ಅವನ ನೋಟದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಜನರೂ ಅವನ ಕಣ್ಣು ಹೋದ ಕಡೆಗೇ ತಿರುಗಿದರು. ಬೀದಿಯವರಿಗೆಲ್ಲ ಮಾವನ ಅನುಮಾನ ತಿಳಿದಿತ್ತಲ್ಲ. ಅಕ್ಕನ ಪಕ್ಕ ನಿಂತಿದ್ದ ದರ್ಜಿಯ ಹೆಂಡತಿ ಒಂದು ಹೆಜ್ಜೆ ಆಚೆ ಸರಿದಳು.

ಅಕ್ಕ ಓಡಿಹೋಗಬೇಕೆಂದುಕೊಂಡಳು. ಆ ಬಟ್ಟೆಯನ್ನು ಮುಟ್ಟಿದರೆ ನನ್ನ ಮಗನ ಸಾವನ್ನು ನಾನೇ ಕೈಯಾರೆ ಒಪ್ಪಿಕೊಂಡ ಹಾಗೆ, ಎಂದು ಅವಳಿಗೆ ಅನ್ನಿಸುತ್ತಿತ್ತು. ಬೆಳಗ್ಗೆ ಮುಟ್ಟಿದ್ದು ಬೇರೆ; ಅದು ಕೆಲಸ. ಅಧಿಕಾರಿ ಇನ್ನೂ ಬಾವುಟ ಹಿಡಿದೇ ನಿಂತಿದ್ದರು. ಬಾವುಟವನ್ನು ಪೆಟ್ಟಿಗೆಯ ಮೇಲೆ ಮತ್ತೆ ಇಡುವ ಹಾಗಿಲ್ಲ, ನೆಲದ ಮೇಲೆ ಇಡುವ ಹಾಗಿಲ್ಲ. ಹೀಗೇ ಬಿಟ್ಟರೆ ಆ ಹುಡುಗ, ಯಾರೇ ಆಗಿರಲಿ, ಯಾರೂ ಇಲ್ಲದವನಾಗಿ ಮಣ್ಣಿಗೆ ಹೋಗುತ್ತಾನೆ.

ಅವಳು ಮುಂದೆ ಬಂದು ಕೈ ಚಾಚಿದಳು. "ನನ್ನ ಹತ್ತಿರ ಇರಲಿ," ಎಂದಳು. "ಇಬ್ಬರೂ ನಾನು ಸಾಕಿದ ಮಕ್ಕಳೇ."

ಅಂದು ಅವಳು ಬಾವುಟವನ್ನು ಅಂಗಡಿಗೆ ತಂದು, ಗಿರಾಕಿಗಳ ಬಟ್ಟೆ ಇಡುವ ಕಪಾಟಿನ ಮೇಲಿನ ಅರೆಯಲ್ಲಿಟ್ಟು ಪರದೆ ಎಳೆದಳು. ಹಾವು ಹೊಕ್ಕ ಮನೆಯಲ್ಲಿ ಇರುವವರ ಹಾಗೆ ಆ ಕಪಾಟಿಗೆ ಬೆನ್ನು ಕೊಡದೆ ಕೆಲಸ ಮಾಡತೊಡಗಿದಳು.

ಮುಂದಿನ ದಿನಗಳು ಸಾವಿನ ದಿನಕ್ಕಿಂತ ಕೆಟ್ಟದಾಗಿದ್ದವು. ಮಾವ ಅಂಗಡಿ ತೆರೆದ. ಮೊದಲಿಗಿಂತ ಹೆಚ್ಚು ಗೆಲುವಾಗಿದ್ದ. ಟ್ಯೂಬಿಗೆ ತೇಪೆ ಹಾಕುತ್ತ, "ಮೇಲಿನವರಿಗೆ ಬರೆಸಿ ಕಳಿಸಿದ್ದೀನಿ. ತಪ್ಪು ಯಾರಿಂದ ಆಗಲ್ಲ? ಸರಿಹೋಗುತ್ತೆ," ಎನ್ನುತ್ತಿದ್ದ. ಗಿರಾಕಿಗಳು ಹೂಂ ಎಂದು, ಸೈಕಲ್ ತಳ್ಳಿಕೊಂಡು ಬೇಗ ಜಾಗ ಖಾಲಿ ಮಾಡುತ್ತಿದ್ದರು. ಕೆಲವು ಸಲ ಅವನು ಶಿಳ್ಳೆ ಹಾಕುತ್ತಿದ್ದ, ಮಗನ ಶಿಳ್ಳೆಯನ್ನೇ. ಎದುರಿನಿಂದ ಅದು ಕೇಳಿಸಿದಾಗೆಲ್ಲ ಅಕ್ಕ ಇಸ್ತ್ರಿ ಎತ್ತಿ ಹಿಡಿದು ನಿಂತುಬಿಡುತ್ತಿದ್ದಳು. ಮಾವ ಗೆಲುವಾದಷ್ಟೂ ಅವಳು ಸೊರಗಿದಳು. ಒಬ್ಬರ ಮನೆಯಲ್ಲಿ ದೀಪ ಉರಿಯಬೇಕಾದರೆ ಇನ್ನೊಬ್ಬರ ಮನೆಯದು ಆರಲೇಬೇಕಿತ್ತು.

ಬೀದಿಯವರೂ ಎರಡು ಪಾಲಾದರು. ಸರ್ಕಾರದವರು ಅಷ್ಟು ಸುಲಭವಾಗಿ ತಪ್ಪು ಮಾಡುವುದಿಲ್ಲ ಎಂದು ಕೆಲವರು. ಸರ್ಕಾರದವರು ಮಾಡದ ತಪ್ಪು ಯಾವುದಿದೆ ಎಂದು ಉಳಿದವರು. ಅಕ್ಕ ಬಂದರೆ ಎರಡೂ ಕಡೆಯವರು ಬಾಯಿ ಮುಚ್ಚುತ್ತಿದ್ದರು.

ಕಡೆಗೆ ಒಂದು ಮಧ್ಯಾಹ್ನ, ಅವಳು ಯಾರದೋ ಪ್ಯಾಂಟಿನ ನೆರಿಗೆ ಕೂರಿಸುತ್ತಿದ್ದಾಗ, ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು. ಕಿವಿಗೆ ಇಟ್ಟುಕೊಂಡಳು. ಗರಗರ ಸದ್ದು, ಆಮೇಲೆ ಒಂದು ದನಿ.

"ಅಮ್ಮಾ."

ಅವಳು ಮೇಜಿನ ಕೆಳಗೆ, ಬಟ್ಟೆ ಗಂಟುಗಳ ಮೇಲೆ ಕುಸಿದು ಕೂತಳು. "ಮಾತಾಡು," ಎಂದಳು. "ಇನ್ನೂ ಮಾತಾಡು. ಏನಾದ್ರೂ ಮಾತಾಡು."

"ನಾನಮ್ಮ. ಚೆನ್ನಾಗಿದ್ದೀನಿ. ಫೋನು ಕೊಟ್ಟಿರಲಿಲ್ಲ."

ಅವಳು ಅತ್ತಳು, ನಕ್ಕಳು, ಬೈದಳು. ಅಷ್ಟರಲ್ಲಿ ಎದುರಿನಿಂದ ಸುತ್ತಿಗೆಯ ಸದ್ದು ಕೇಳಿಸಿತು. ಮಾವ ಪೆಡಲಿನ ಪಿನ್ನು ಬಡಿಯುತ್ತಿದ್ದ. ಅಕ್ಕನ ನಗು ಅಲ್ಲೇ ನಿಂತಿತು. ಈ ಬೀದಿ ದಾಟಿ ಹೋಗಿ ಹೇಳಬೇಕಾದವಳು ತಾನು. ನನ್ನ ಮಗ ಬದುಕಿದ್ದಾನೆ ಎಂದರೆ, ನಿನ್ನ ಮಗ ಹೋದ ಎಂದ ಹಾಗೆಯೇ. ಜೀಪಿನವರು ಹೇಳಿದಾಗ ಸಾಯದ ಸೀಟಿ ಅವಳು ಹೇಳಿದಾಗ ಸಾಯಬೇಕಿತ್ತು.

"ಮಾವನಿಗೆ ನಂಬಿಕೆ ಬಂದಿಲ್ಲ ಕಣೋ," ಎಂದಳು. "ಪೆಟ್ಟಿಗೇಲಿ ನೀನಿದ್ದೆ ಅಂದ್ಕೊಂಡಿದ್ದಾರೆ. ನಾನು ಏನಂತ ಹೇಳಲಿ? ನಾಳೆ ಹೇಳ್ತೀನಿ. ಇವತ್ತು ಬೇಡ."

ಗುಮ್ಮ, "ಬೇಡಮ್ಮ. ನೀನು ಹೇಳಬೇಡ. ಫೋನು ಮಾವನಿಗೆ ಕೊಡು," ಎಂದ.

ಅವಳು ರಸ್ತೆ ದಾಟಿದಳು. ಫೋನನ್ನು ಕಾದ ಕೆಂಡದ ಹಾಗೆ ಮುಂದೆ ಹಿಡಿದಿದ್ದಳು. ಮಾವ ಅವಳ ಮುಖ ನೋಡಿದ, ಫೋನು ನೋಡಿದ. ಸುತ್ತಿಗೆ ಕೆಳಗಿಟ್ಟ. ಅವನಿಗೆ ಆಗಲೇ ತಿಳಿದುಹೋಗಿತ್ತು ಅನ್ನಿಸುತ್ತದೆ. ಆದರೂ ಗ್ರೀಸು ಹತ್ತಿದ ಕೈಯನ್ನು ಚಿಂದಿಯಲ್ಲಿ ಒರೆಸಿ, ಒರೆಸಿ, ಬೆರಳು ಬೆರಳನ್ನೂ ಒರೆಸಿ ಫೋನು ತೆಗೆದುಕೊಂಡ. ದನಿ ಜೋರಾಗಿ ಕೇಳುವ ಹಾಗೆ ಗುಂಡಿ ಒತ್ತಿದಳು ಅಕ್ಕ. ಅವನಿಗೆ ಕಿವಿ ಸ್ವಲ್ಪ ಮಂದ.

"ಮಾವ, ನಾನು ಗುಮ್ಮ."

"ಹೂಂ ಮಗಾ."

"ನಾನೇ ಅವನ ಜೊತೆ ಇದ್ದೆ ಮಾವ. ಗುರುತು ಹೇಳಿದ್ದು ನಾನೇ. ಬಿಲ್ಲೆ ನೋಡಿ ಅಲ್ಲ."

ಮಾವ ಫೋನನ್ನು ಬಾಯಿಯ ಹತ್ತಿರ ತಂದ. "ಮುಖ ಹೇಗಿತ್ತಪ್ಪಾ?"

"ಚೆನ್ನಾಗಿತ್ತು ಮಾವ. ಏನೂ ಆಗಿರಲಿಲ್ಲ. ನಿದ್ದೆ ಮಾಡ್ತಿರೋ ಹಾಗೆ ಇತ್ತು."

ಗುಮ್ಮ ಪ್ರತಿ ಪದವನ್ನೂ ಬಿಡಿಸಿ ಬಿಡಿಸಿ, ಪಾಠ ಒಪ್ಪಿಸುವವನ ಹಾಗೆ ಹೇಳಿದ. ಮಗ ಸುಳ್ಳು ಹೇಳುವಾಗ ಹಾಗೆ ಮಾತಾಡುತ್ತಾನೆಂದು ಹೆತ್ತವಳಿಗೆ ಗೊತ್ತಿತ್ತು. ನಾಯಿಗೂ ಹೆದರುತ್ತಿದ್ದ ತನ್ನ ಹುಡುಗ ಅಲ್ಲಿ ಏನನ್ನು ನೋಡಿದ್ದಾನೆ ಎಂಬುದು ಅವಳಿಗೆ ಆ ಕ್ಷಣ ಅರ್ಥವಾಯಿತು. ಇಷ್ಟು ದಿನ ಅವನು ಬದುಕಿದ್ದಾನೋ ಇಲ್ಲವೋ ಎಂದು ಹೆದರಿದ್ದಳು. ಈಗ ಬದುಕಿರುವವನು ಯಾರಾಗಿ ಬರುತ್ತಾನೋ ಎಂದು ಹೆದರಿದಳು.

ಮಾವ ಫೋನು ಹಿಂದಕ್ಕೆ ಕೊಟ್ಟ. ನೆಲದ ಮೇಲೆ ಬಿದ್ದಿದ್ದ ಪಿನ್ನು ಎತ್ತಿ ಡಬ್ಬಿಗೆ ಹಾಕಿದ. "ತಂಗೀ," ಎಂದ. "ಆ ಬಟ್ಟೆ ಕೊಡಮ್ಮ."

ಅವಳು ಹೋಗಿ ತಂದುಕೊಟ್ಟಳು. ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅಕ್ಕ ಸೈಕಲ್ ಅಂಗಡಿಯ ಬಾಗಿಲನ್ನು ಒಳಗಿನಿಂದ ಎಳೆದುಕೊಂಡಳು. ಆಮೇಲೆ ಒಳಗಿನಿಂದ ಬಂದ ಸದ್ದನ್ನು ಕೇಳಿದ ನಾವು ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ.

ಗುಮ್ಮ ಮರುವರ್ಷ ಬಂದ. ಮೈಯಲ್ಲಿ ಒಂದು ಗೀರೂ ಇರಲಿಲ್ಲ. ತಿಂದ, ಮಲಗಿದ, ಕೇಳಿದ್ದಕ್ಕೆ ಉತ್ತರ ಕೊಟ್ಟ. ಸೈನ್ಯ ಬಿಟ್ಟು ಸೈಕಲ್ ಅಂಗಡಿಯಲ್ಲಿ ಕೂರತೊಡಗಿದ; ಮಾವನೇ ಕರೆದದ್ದು. ಫೋನಿನಲ್ಲಿ ಹೇಳಿದ್ದನ್ನು ಮಾವ ಮತ್ತೆಂದೂ ಕೇಳಲಿಲ್ಲ. ಒಮ್ಮೆ ಮಾತ್ರ ಅಕ್ಕನ ಹತ್ತಿರ, "ನಿನ್ನ ಮಗನಿಗೆ ಸುಳ್ಳು ಹೇಳೋದು ಬರಲ್ಲಮ್ಮ. ಪಾಪ, ನನಗೋಸ್ಕರ ಕಷ್ಟಪಟ್ಟ," ಎಂದನಂತೆ.

ಮಳೆಗಾಲ ಮುಗಿದು ಬಿಸಿಲು ಏರಿದ ಒಂದು ದಿನ, ಗಿರಾಕಿಯೊಬ್ಬರ ಸೈಕಲ್ಲಿಗೆ ಗಾಳಿ ಹೊಡೆಯುವಾಗ ಟ್ಯೂಬು ಢಬ್ಬೆಂದು ಸಿಡಿಯಿತು. ಗುಮ್ಮ ಕಣ್ಣು ಮುಚ್ಚಿ ತೆಗೆಯುವುದರೊಳಗೆ ನೆಲಕ್ಕೆ ಬಿದ್ದು, ತಲೆಯ ಮೇಲೆ ಕೈ ಹೊತ್ತು, ಟೈರುಗಳ ರಾಶಿಯ ಹಿಂದೆ ಮುದುರಿಕೊಂಡ. ಅವನ ಬಾಯಿಂದ ಸೀಟಿಯ ಹೆಸರು ಬರುತ್ತಿತ್ತು, ಒಂದೇ ಸಮನೆ. ಗಿರಾಕಿ ಕಕ್ಕಾಬಿಕ್ಕಿಯಾಗಿ ನಿಂತರು. ಅಕ್ಕ ಇಸ್ತ್ರಿಯನ್ನು ನಿಲ್ಲಿಸಿ ರಸ್ತೆಗೆ ಓಡಿದಳು.

ಅಷ್ಟರಲ್ಲಿ ಮಾವ ಮಂಡಿ ಹಿಡಿದುಕೊಂಡು, ನರಳುತ್ತ, ತಾನೂ ನೆಲಕ್ಕಿಳಿದಿದ್ದ. ಗುಮ್ಮನನ್ನು ಮುಟ್ಟಲಿಲ್ಲ. ಪಕ್ಕದಲ್ಲಿ ಒರಗಿ ಕೂತು, ಅವನನ್ನು ನೋಡದೆ, ದಿನದ ಮಾತಿನ ದನಿಯಲ್ಲಿ ಹೇಳತೊಡಗಿದ. "ಟ್ಯೂಬು ಮಗಾ, ಟ್ಯೂಬು. ಹಳೇದು. ನಿನ್ನೆಯೇ ಬದಲಾಯಿಸಬೇಕಿತ್ತು, ನಾನೇ ಮರೆತೆ. ಈ ಕಂಪನಿಯವರು ರಬ್ಬರು ಹಾಕ್ತಾರೋ ಕಾಗದ ಹಾಕ್ತಾರೋ. ಆ ಚೈನಿಗೆ ಎಣ್ಣೆ ಬಿಟ್ಯಾ ನೀನು? ಬಿಟ್ಟಿಲ್ಲ ತಾನೆ. ಆಮೇಲೆ ಬಿಡೋಣ. ಅವಸರ ಏನಿಲ್ಲ."

ಅಕ್ಕ ಹೊಸ್ತಿಲಲ್ಲಿ ನಿಂತಳು. ಒಳಗೆ ಹೋಗಲು ಭಯವಾಯಿತು. ಮಾವ ಅವಳತ್ತ ನೋಡಿ, ಕೂತ್ಕೊ ಎಂಬಂತೆ ನೆಲವನ್ನು ತಟ್ಟಿದ. ಅವಳು ಒಳಗೆ ಬಂದು ಮಗನ ಇನ್ನೊಂದು ಪಕ್ಕದಲ್ಲಿ ಕೂತಳು. ಮಾವ ಬೋಲ್ಟಿನ ಬಗ್ಗೆ, ಬ್ರೇಕಿನ ಬಗ್ಗೆ, ಮಳೆಗೆ ತುಕ್ಕು ಹಿಡಿದ ಗಂಟೆಗಳ ಬಗ್ಗೆ ಮಾತಾಡುತ್ತಲೇ ಇದ್ದ. ಗಿರಾಕಿ ಸ್ವಲ್ಪ ಹೊತ್ತು ಕಾದು, ಸೈಕಲ್ಲನ್ನು ಅಲ್ಲೇ ಬಿಟ್ಟು, ಸಂಜೆ ಬರ್ತೀನಿ ಎಂದು ಕೈಸನ್ನೆ ಮಾಡಿ ಹೊರಟುಹೋದರು.